ಬೀಗಲ್: ‘ಶವಪೆಟ್ಟಿಗೆ’ ಮುಳುಗದೆ ಉಳಿದದ್ದು ಹೇಗೆ?

ಬ್ರಿಟಿಷ್ ನೌಕಾಪಡೆಯ ಚೆರೋಕೀ ಮಾದರಿಯ ಬ್ರಿಗ್‌ಗಳನ್ನು (ಎರಡು ಹಾಯಿಕಂಬದ ಸಣ್ಣ ಯುದ್ಧನೌಕೆಗಳನ್ನು) ನಾವಿಕರು ‘ಶವಪೆಟ್ಟಿಗೆ’ ಎಂದೇ ಕರೆಯುತ್ತಿದ್ದರು. ನೂರಕ್ಕೂ ಹೆಚ್ಚು ಕಟ್ಟಿದರು. ಹಲವು ಸಮುದ್ರದ ಪಾಲಾದವು. ಡಾರ್ವಿನ್ ಐದು ವರ್ಷ ಸುತ್ತಿದ ಬೀಗಲ್ ಕೂಡ ಅದೇ ಅಚ್ಚಿನದು. 1820ರ ಮೇ 11ರಂದು ಲಂಡನ್ನಿನ ವುಲಿಚ್ ಹಡಗುಕಟ್ಟೆಯಲ್ಲಿ ನೀರಿಗಿಳಿದಾಗ ಇದರ ಉದ್ದ 27.5 ಮೀಟರ್, ಅಗಲ 7.5 ಮೀಟರ್, ಹತ್ತು ಫಿರಂಗಿ, ಎರಡು ಹಾಯಿಕಂಬ. ತಗುಲಿದ ವೆಚ್ಚ 7,803 ಪೌಂಡ್.

ಈ ಮಾದರಿಯ ದೋಷ ಇದ್ದದ್ದು ಡೆಕ್‌ನಲ್ಲಿ. ಡೆಕ್ ನೀರಿನ ಮಟ್ಟಕ್ಕೆ ತೀರಾ ಹತ್ತಿರ, ಸುತ್ತ ಎತ್ತರದ ತಡೆಗೋಡೆ. ಅಲೆ ಒಳನುಗ್ಗಿದರೆ ಡೆಕ್ಕೇ ತೊಟ್ಟಿಯಾಗುತ್ತಿತ್ತು. ಲೆಕ್ಕ ಹಾಕಿ ನೋಡಿ: ಇಷ್ಟಗಲದ ಡೆಕ್ ಮೇಲೆ ಒಂದು ಅಡಿ ನೀರು ನಿಂತರೆ 40 ಟನ್‌ಗೂ ಹೆಚ್ಚು ಭಾರ. ಆ ಭಾರ ಒಂದೆಡೆ ನಿಲ್ಲುವುದೂ ಇಲ್ಲ. ಹಡಗು ಯಾವ ಕಡೆ ವಾಲಿತೋ ಅತ್ತಲೇ ಹರಿದು ಇನ್ನಷ್ಟು ವಾಲಿಸುತ್ತದೆ. ಫಿರಂಗಿ ಕಿಂಡಿಗಳಿಂದ ನೀರು ಹೊರಹೋಗುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ.

ಬೀಗಲ್‌ಗೆ ಅದೃಷ್ಟವಶಾತ್ ಯುದ್ಧದ ಕೆಲಸ ಸಿಗಲಿಲ್ಲ. ಐದು ವರ್ಷ ಸುಮ್ಮನೆ ಲಂಗರು ಹಾಕಿಕೊಂಡಿತ್ತು. 1825ರಲ್ಲಿ ಕರಾವಳಿ ಸರ್ವೇಗೆಂದು ಹಿಂಭಾಗದಲ್ಲಿ ಮೂರನೆಯ ಹಾಯಿಕಂಬ ನೆಟ್ಟು ಫಿರಂಗಿಗಳನ್ನು ಕಡಿಮೆ ಮಾಡಿದರು. ಬಂಡೆಗಳ ಪಕ್ಕದಲ್ಲೇ ಸಾಗಬೇಕಾದ ಸರ್ವೇ ಹಡಗಿಗೆ ಹಿಂದಿನ ಆ ಸಣ್ಣ ಹಾಯಿ ಬಹಳ ಉಪಕಾರಿ. ಹಡಗಿನ ಮೂತಿಯನ್ನು ಗಾಳಿಗೆ ತಿರುಗಿಸುವುದು ಹಗುರಾಗುತ್ತದೆ.

ನಿಜವಾದ ರಿಪೇರಿ ನಡೆದದ್ದು 1831ರಲ್ಲಿ, ಡಾರ್ವಿನ್ ಹೊರಟ ಪಯಣಕ್ಕೆ ಮುನ್ನ, ಕ್ಯಾಪ್ಟನ್ ಫಿಟ್ಜ್‌ರಾಯ್ ಉಸ್ತುವಾರಿಯಲ್ಲಿ. ಮೇಲಿನ ಡೆಕ್ಕನ್ನು ಹಿಂದೆ 8 ಇಂಚು, ಮುಂದೆ 12 ಇಂಚು ಎತ್ತರಿಸಿದರು. ಕೇಳಲು ಅಲ್ಪ, ಆದರೆ ಒಡಲಿನ ತೇಲುವ ಶಕ್ತಿ ಹೆಚ್ಚಿತು, ಕೆಳಗೆ ಮಲಗುವವರಿಗೂ ಉಸಿರಾಡಲು ಜಾಗ ಸಿಕ್ಕಿತು. ತಳಕ್ಕೆ 2 ಇಂಚು ದಪ್ಪದ ಫರ್ ಮರದ ಹಲಗೆ, ಅದರ ಮೇಲೆ ಫೆಲ್ಟ್ ಬಟ್ಟೆ, ಅದರ ಮೇಲೆ ಹೊಸ ತಾಮ್ರದ ತಗಡು. ಮರ ಕೊರೆಯುವ ಕಡಲಹುಳುವಿಗೆ ತಾಮ್ರವೇ ಮದ್ದು. ತಗಡು ಎಲ್ಲಾದರೂ ಹರಿದರೂ ಹುಳು ಮೊದಲು ತಿನ್ನುವುದು ಹೊರಗಿನ ಹಲಗೆಯನ್ನು. ಈ ಹೊದಿಕೆಯಿಂದ ಸುಮಾರು 15 ಟನ್ ತೂಕ ಕೂಡಿಕೊಂಡಿತು. ಎಲ್ಲ ಹಾಯಿಕಂಬಗಳಿಗೂ ಬ್ರಿಟಿಷ್ ವಿಜ್ಞಾನಿ ವಿಲಿಯಂ ಸ್ನೋ ಹ್ಯಾರಿಸ್ ರೂಪಿಸಿದ ಸಿಡಿಲುವಾಹಕ ಕೂರಿಸಿದರು.

1833ರ ಜನವರಿ 13ರಂದು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಿ ಪರೀಕ್ಷೆ ಎದುರಾಯಿತು. ಒಂದರ ಹಿಂದೊಂದು ಮೂರು ದೈತ್ಯ ಅಲೆಗಳು. ಮೂರನೆಯದು ಹಡಗನ್ನು ಪಕ್ಕಕ್ಕೆ ಕೆಡವಿತು. ನೀರು ತುಂಬಿದ ದೋಣಿಯೊಂದನ್ನು ಕಡಿದು ಬಿಡಬೇಕಾಯಿತು. ಕಿಂಡಿ ಬಾಗಿಲು ತೆರೆದು ನೀರು ಹರಿದ ಮೇಲೆ ಹಡಗು ಎದ್ದಿತು. ಆಗಲೇ ನಾಲ್ಕನೆಯ ಅಲೆ ಬಂದಿದ್ದರೆ, ಎತ್ತರಿಸಿದ ಡೆಕ್ ಕೂಡ ಸಾಲುತ್ತಿರಲಿಲ್ಲವೇನೋ. 1834ರ ಏಪ್ರಿಲ್‌ನಲ್ಲಿ ಈಗಿನ ಅರ್ಜೆಂಟೀನಾದ ಸಾಂತಾ ಕ್ರೂಸ್ ನದಿಯ ಬಾಯಲ್ಲಿ ಇಳಿತದ ವೇಳೆ ಹಡಗನ್ನು ದಡದ ಮೇಲೆ ಕೂರಿಸಿ ತಳ ನೋಡಿದರು. ಹಿಂದೊಮ್ಮೆ ಬಂಡೆಗೆ ತಾಗಿದ್ದರಿಂದ ‘ಫಾಲ್ಸ್ ಕೀಲ್’ನ ಕೆಲವು ಅಡಿ ಕಿತ್ತುಹೋಗಿತ್ತು. ಪೆಟ್ಟು ತಿನ್ನಲೆಂದೇ ಅಸಲಿ ಕೀಲ್, ಅಂದರೆ ತಳದ ಬೆನ್ನೆಲುಬಿನಂಥ ತೊಲೆಯ ಅಡಿ ಜೋಡಿಸುವ ಮರವದು. ಮತ್ತೆ ಭರತ ಏರುವುದರೊಳಗೆ ರಿಪೇರಿ ಮುಗಿಸಿದರು.

ಹಡಗಿನ ಅಸಲು ಸರಕು ಕಾಲ. ರೇಖಾಂಶ ಲೆಕ್ಕಹಾಕಲು ಬೇಕಾದ 22 ಕ್ರೋನೋಮೀಟರ್‌ಗಳನ್ನು, ಅಂದರೆ ಅತಿ ನಿಖರ ಗಡಿಯಾರಗಳನ್ನು, ಚಿಕ್ಕ ಕೋಣೆಯೊಂದರಲ್ಲಿ ಮರದ ಹೊಟ್ಟಿನ ನಡುವೆ ಇಟ್ಟಿದ್ದರು. ಕೀಲಿ ಕೊಡಲು ಪ್ರತಿದಿನ ಒಂದೇ ಹೊತ್ತು, ಒಂದೇ ಕೈ. ಅಷ್ಟು ಗಡಿಯಾರ ಯಾಕೆ? ಎರಡಿದ್ದು ಅವು ಬೇರೆ ಬೇರೆ ವೇಳೆ ತೋರಿಸಿದರೆ ತಪ್ಪು ಯಾವುದೆಂದು ತಿಳಿಯದು. ಗಡಿಯಾರದಲ್ಲಿ 4 ಸೆಕೆಂಡಿನ ತಪ್ಪು ಸಮಭಾಜಕದ ಬಳಿ ರೇಖಾಂಶದಲ್ಲಿ ಒಂದು ನಾಟಿಕಲ್ ಮೈಲಿಯ ತಪ್ಪು. 1836ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಫಾಲ್ಮತ್‌ಗೆ ಮರಳಿದಾಗ, ದಾರಿಯುದ್ದಕ್ಕೂ ಅಳೆದ ರೇಖಾಂಶದ ವೇಳೆ ವ್ಯತ್ಯಾಸಗಳನ್ನು ಕೂಡಿದರೆ ಇಡೀ ಭೂಮಿಗೆ 24 ಗಂಟೆ ಬರಬೇಕಿತ್ತು; ಹೆಚ್ಚಾಗಿದ್ದದ್ದು ಸುಮಾರು 33 ಸೆಕೆಂಡ್ ಮಾತ್ರ. ಐದು ವರ್ಷ ಅಲೆಗಳಲ್ಲಿ ಕುಲುಕಿದ ಗಡಿಯಾರಗಳಿಗೆ ಇದು ಭಲೇ ಎನ್ನುವ ಫಲ.

ಆಮೇಲೆ 1843ರವರೆಗೆ ಆಸ್ಟ್ರೇಲಿಯಾ ತೀರದ ಸರ್ವೇ. 1845ರಿಂದ ಎಸೆಕ್ಸ್‌ನ ರೋಚ್ ನದಿಯಲ್ಲಿ ಕಳ್ಳಸಾಗಣೆ ಕಾಯುವ ಕೆಲಸ. ದಾರಿಗೆ ಅಡ್ಡವೆಂದು ಸಿಂಪಿ ಹಿಡಿಯುವವರು ದೂರಿದಾಗ ದಡಕ್ಕೆ ಸರಿಸಿದರು. ಕೊನೆಗೆ ಹೆಸರೂ ಹೋಗಿ ‘ಡಬ್ಲ್ಯುವಿ 7’ (ವಾಚ್ ವೆಸೆಲ್, ಅಂದರೆ ಕಾವಲು ಹಡಗು) ಆಯಿತು. 1870ರಲ್ಲಿ 525 ಪೌಂಡಿಗೆ ಗುಜರಿಗೆ ಮಾರಾಟ. ಅಲ್ಲಿನ ಕೆಸರಿನಲ್ಲಿ ಅದು ನಿಂತಿದ್ದ ಡಾಕ್‌ನ ಗುರುತಿಗೆ 2020ರಲ್ಲಿ ಸರ್ಕಾರಿ ರಕ್ಷಣೆ ಸಿಕ್ಕಿದೆ.