ಷರ್ಲಾಕ್ ಹೋಮ್ಸ್‌ಗೆ ಮಾದರಿಯಾದ ಮೇಷ್ಟ್ರು

ಕಥೆಗಳ ಪತ್ತೇದಾರ ಹೋಮ್ಸ್‌ಗೆ ಮಾದರಿಯಾದವರು ಪೊಲೀಸರಲ್ಲ, ಪತ್ತೇದಾರರೂ ಅಲ್ಲ. ಎಡಿನ್‌ಬರೋದ ಸರ್ಜನ್ ಡಾ. ಜೋಸೆಫ್ ಬೆಲ್ (1837–1911). ಹೋಮ್ಸ್‌ನನ್ನು ಸೃಷ್ಟಿಸಿದ ಲೇಖಕ ಆರ್ಥರ್ ಕಾನನ್ ಡಾಯ್ಲ್ 1876ರಲ್ಲಿ ಅಲ್ಲಿ ಮೆಡಿಕಲ್ ಓದಲು ಸೇರಿದರು. ಬೆಲ್ ಈ ಡಾಯ್ಲ್‌ರನ್ನು ತಮ್ಮ ಹೊರರೋಗಿಗಳ ಗುಮಾಸ್ತನಾಗಿ ಆರಿಸಿಕೊಂಡರು. ರೋಗಿಗಳ ವಿವರ ಬರೆದುಕೊಂಡು ಒಬ್ಬೊಬ್ಬರನ್ನೇ ಒಳಗೆ ಕರೆತರುವ ಕೆಲಸ. ಹಾಗಾಗಿ ಮೇಷ್ಟ್ರ ಕೈಚಳಕ ಹತ್ತಿರದಿಂದಲೇ ನೋಡಲು ಸಿಕ್ಕಿತು.

ಡಾಯ್ಲ್ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಒಳಗೆ ಬಂದ ರೋಗಿಯನ್ನು ನೋಡುತ್ತಿದ್ದಂತೆ ಬೆಲ್ ಒಂದೊಂದಾಗಿ ಹೇಳುತ್ತಾ ಹೋದರು: ಸೈನ್ಯದಲ್ಲಿದ್ದೆ, ಬಿಟ್ಟು ಜಾಸ್ತಿ ದಿನ ಆಗಿಲ್ಲ, ಸ್ಕಾಟ್ಲೆಂಡಿನ ಪಡೆ, ಬಾರ್ಬಡೋಸ್‌ನಲ್ಲಿದ್ದೆ. ಎಲ್ಲಕ್ಕೂ ಅವನದು 'ಹೌದು ಸಾರ್'.

ಹೇಗೆ ಗೊತ್ತಾಯಿತು? ಮನುಷ್ಯ ಮರ್ಯಾದಸ್ಥ, ಆದರೆ ಟೋಪಿ ತೆಗೆಯಲಿಲ್ಲ. ಸೈನ್ಯದಲ್ಲಿ ತೆಗೆಯುವ ರೂಢಿ ಇಲ್ಲ. ಬಿಟ್ಟು ಬಹಳ ದಿನವಾಗಿದ್ದರೆ ಊರಿನ ರೂಢಿ ಬಂದಿರುತ್ತಿತ್ತು. ಕಾಯಿಲೆ ಆನೆಕಾಲು. ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸ್ ಕಡೆಯದು. ಆಗ ಸ್ಕಾಟ್ ಪಡೆಗಳಿದ್ದದ್ದು ಬಾರ್ಬಡೋಸ್‌ನಲ್ಲಿ. (ನಮ್ಮ ಕರಾವಳಿಯ ಹಿರಿಯರಿಗೂ ಆನೆಕಾಲು ಗೊತ್ತು. ಬೆಲ್ ಇಲ್ಲಿದ್ದಿದ್ದರೆ ಬಾರ್ಬಡೋಸ್ ಊಹೆ ಕೈಕೊಡುತ್ತಿತ್ತು, ಅಲ್ವಾ?)

ಹೋಮ್ಸ್‌ನ ಮೊದಲ ಕಾದಂಬರಿ ಬಂದದ್ದು 1887ರಲ್ಲಿ. ಅದರಲ್ಲಿ ಅವನು ಮುಂದೆ ತನ್ನ ಗೆಳೆಯನಾಗುವ ಡಾ. ವಾಟ್ಸನ್‌ನನ್ನು ನೋಡಿದ ಕೂಡಲೇ 'ಅಫ್ಘಾನಿಸ್ತಾನದಲ್ಲಿದ್ದಿರಿ' ಎನ್ನುತ್ತಾನಲ್ಲ, ಅದು ಅಪ್ಪಟ ಬೆಲ್ ವರಸೆ. 1892ರ ಹೋಮ್ಸ್ ಕಥಾಸಂಕಲನವನ್ನು ಡಾಯ್ಲ್ ತಮ್ಮ ಮೇಷ್ಟ್ರು ಬೆಲ್‌ಗೇ ಅರ್ಪಿಸಿದರು.

ಆದರೆ 'ಹೋಮ್ಸ್ ಅಂದರೆ ಬೆಲ್' ಎಂದು ಉತ್ತರ ಬರೆದರೆ ನನ್ನ ಪ್ರಕಾರ ಅರ್ಧ ಅಂಕ. ಬೆಲ್ ಕೊಟ್ಟದ್ದು ನೋಡುವ ಕಣ್ಣು. ಪಿಟೀಲು, ಕೊಕೇನ್, ಹೋಮ್ಸ್ ವಾಸವಿದ್ದ ಲಂಡನ್ನಿನ ಬೇಕರ್ ಸ್ಟ್ರೀಟಿನ ಒಂಟಿತನ ಎಲ್ಲ ಡಾಯ್ಲ್ ಸೇರಿಸಿದ್ದು. ಎಡ್ಗರ್ ಅಲನ್ ಪೋ ಸೃಷ್ಟಿಸಿದ ಪತ್ತೇದಾರ ದ್ಯುಪೆಯ ಸಾಲವೂ ಇದೆ. ಸ್ವತಃ ಬೆಲ್ ಅವರೇ ಡಾಯ್ಲ್‌ಗೆ, ನಿಜವಾದ ಹೋಮ್ಸ್ ನೀನೇ ಎಂದು ಬರೆದಿದ್ದರು.

ಅದು ಸುಮ್ನೆ ಹೊಗಳಿಕೆಯಲ್ಲ. ಮುಂಬೈ ಮೂಲದ ಪಾರ್ಸಿ ಪಾದ್ರಿಯೊಬ್ಬರ ಮಗ ಜಾರ್ಜ್ ಎದಲ್ಜಿ. ರಾತ್ರಿ ಹೊತ್ತು ಕುದುರೆಗೆ ಚೂರಿ ಹಾಕಿದ ಎಂದು 1903ರಲ್ಲಿ ಇಂಗ್ಲೆಂಡಿನಲ್ಲಿ ಜೈಲಿಗೆ ಹೋದ. ಬಿಡುಗಡೆಯಾದ ಮೇಲೆ ಡಾಯ್ಲ್ ಅವನನ್ನು ಕಾಣಲು ಹೋಟೆಲಿಗೆ ಹೋದರು. ಎದಲ್ಜಿ ಪೇಪರನ್ನು ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ಓದುತ್ತಿದ್ದ. ಇಷ್ಟು ಮಂದ ಕಣ್ಣಿನವನು ಕತ್ತಲಲ್ಲಿ ಹೊಲ ದಾಟಿ ಹೋಗಿರಲು ಸಾಧ್ಯವೇ? ಮಾತು ಶುರುವಾಗುವ ಮೊದಲೇ ಡಾಯ್ಲ್‌ಗೆ ಉತ್ತರ ಸಿಕ್ಕಿತ್ತು. 1907ರಲ್ಲಿ ಆ ಆರೋಪದಿಂದ ಎದಲ್ಜಿಗೆ ಕ್ಷಮಾದಾನ ದೊರೆಯಿತು.