ಬೀಜದುಂಡೆ ಎಸೆಯುವ ಮೊದಲು ಬೆಟ್ಟದ ಒಂಟಿಮರ ನೋಡಿ

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. 'ಸರ್, ಈ ಸಲ ಹತ್ತು ಸಾವಿರ ಬೀಜದುಂಡೆ ಮಾಡಿದೀವಿ. ಎಲ್ಲಿ ಎಸೀಬೇಕು ಹೇಳಿ.' ಶಿರಸಿ ಸುತ್ತಿನ ಸೊಪ್ಪಿನಬೆಟ್ಟಗಳಲ್ಲಿ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಬೆಟ್ಟಗಳಲ್ಲಿ) ಮತ್ತೆ ಕಾಡು ಎಬ್ಬಿಸಲು ಸಲಹೆ ಕೊಡುವುದು ನನ್ನ ಉದ್ಯೋಗ, ಹಾಗಾಗಿ ಈ ಪ್ರಶ್ನೆ ತಪ್ಪಿದ್ದಲ್ಲ. ಮಣ್ಣಿನಲ್ಲಿ ಬೀಜವಿಟ್ಟು ಕಟ್ಟುವ ಈ ಉಂಡೆಯೊಳಗೆ ಯಾವ ಬೀಜ ಎಂದು ಕೇಳಿದರೆ, 'ಹಲಸು, ನೇರಳೆ, ಮಾವು ಎಲ್ಲಾ ಇದೆ ಸರ್. ಚೆನ್ನಾಗಿ ಒಣಗಿಸಿದೀವಿ!'

ಒಣಗಿಸಿದಲ್ಲಿಗೆ ಅರ್ಧ ಕೆಲಸ ಕೆಟ್ಟಿತು. ಹಲಸು, ನೇರಳೆ, ಮಾವು, ರಾಮಪತ್ರೆ (ಕಾಡು ಜಾಯಿಕಾಯಿ) ಇವೆಲ್ಲ ಹಸಿಹಸಿಯಾಗಿಯೇ ಮಣ್ಣು ಸೇರಬೇಕಾದ ಬೀಜಗಳು. ತೇವ ಆರಿದರೆ ಸಾಯುತ್ತವೆ. ಕಕ್ಕೆಯಂಥ ಗಟ್ಟಿ ಸಿಪ್ಪೆಯ ಬೀಜವಾದರೆ ಒಣಗಿದರೂ ಬದುಕೀತು. ಬಯಲುಸೀಮೆಯಲ್ಲಿ, ಆಡು-ಕುರಿ ಕಾಲಿಡದ ಕಡೆ, ಅಂಥ ಉಂಡೆಯಿಂದ ನಾಲ್ಕು ಗಿಡ ಎದ್ದರೂ ಎದ್ದಾವು. ಅಲ್ಲಿಯದನ್ನು ನಾನು ಖಚಿತವಾಗಿ ಹೇಳಲಾರೆ, ನನ್ನ ಅನುಭವ ಮಲೆನಾಡಿನದ್ದು.

ಆದರೆ ನನಗೆ ಸಿಟ್ಟು ಬರುವುದು ಇದಕ್ಕಲ್ಲ, 'ಎಲ್ಲಿ' ಎಂಬುದನ್ನು ಕೊನೆಗೆ ಕೇಳುತ್ತಾರಲ್ಲ, ಅದಕ್ಕೆ. ಕಾಡಿಗೆ ಬೀಜದ ಬರ ಯಾವತ್ತೂ ಇರಲಿಲ್ಲ. ನೇರಳೆ ಮರದ ಬುಡದಲ್ಲಿ ಮಳೆ ಬಿದ್ದ ವಾರಕ್ಕೆ ಎಷ್ಟು ಮೊಳಕೆ ಏಳುತ್ತವೆ ನೋಡಿ, ಕಾಲಿಡಲು ಜಾಗವಿರುವುದಿಲ್ಲ. ಮುಂದಿನ ಬೇಸಿಗೆಗೆ ಅವುಗಳಲ್ಲಿ ಬಹುಪಾಲು ಇಲ್ಲ. ತಾಯಿಮರಕ್ಕೆ ಅಂಟಿದ ಹುಳ, ಬೂಷ್ಟು ಎಲ್ಲಾ ಮರಿಗಳ ಮೇಲೆರಗುತ್ತವೆ. 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಹೇಳಿದ್ದೂ ಇದನ್ನೇ: ತಾಯಿಯಿಂದ ದೂರ ಹೋದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು.

ದೂರ ಒಯ್ಯುವವರು ಯಾರು? ಹಕ್ಕಿ, ಬಾವಲಿ, ಪುನುಗಿನ ಜಾತಿಯ ಕಬ್ಬೆಕ್ಕು, ಮಂಗ. 'ನಾವೂ ಅದನ್ನೇ ಮಾಡ್ತಿದೀವಲ್ಲ ಸರ್?' ಇಲ್ಲ ಮಾರಾಯ್ರೆ! ಹಕ್ಕಿ ಬೀಜ ಹಾಕುವುದು ಬಹುಮಟ್ಟಿಗೆ ಕೂತಲ್ಲಿ. ಇನ್ನೊಮ್ಮೆ ಹೇಳುತ್ತೇನೆ, ಕೂತಲ್ಲಿ. ಕೂರಲು ಕೊಂಬೆ ಬೇಕು. ಕೊಂಬೆಯಿದ್ದಲ್ಲಿ ನೆರಳಿದೆ, ತರಗೆಲೆಯಿದೆ, ಬಿಸಿಲಿಗೆ ಕಾಯದ ಮಣ್ಣಿದೆ. ಕರಡದ ಹುಲ್ಲು ಬೆಳೆದ ಬೋಳು ಬೇಣದ (ಹುಲ್ಲುಗಾವಲಿನ) ನಡುವೆ ಪಿಕಳಾರ ಯಾಕೆ ಇಳಿದೀತು? ಬಾವಲಿಯ ಲೆಕ್ಕ ಸ್ವಲ್ಪ ಬೇರೆ. ಅದು ಹಾರುತ್ತಲೇ ಹಿಕ್ಕೆ ಹಾಕುವುದರಿಂದ ಬಯಲಿಗೂ ಒಂದಿಷ್ಟು ಸಣ್ಣ ಬೀಜ ಬೀಳುತ್ತದೆ. ಉಳಿದಂತೆ, ಬೆಟ್ಟದಲ್ಲಿ ಮರ ಮತ್ತೆ ಹಬ್ಬುವುದು ಇರುವ ಮರದ ಅಡಿಯಿಂದಲೇ.

ನಂಬಿಕೆ ಬಾರದಿದ್ದರೆ ಒಂಟಿ ಗೋಳಿಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ನೋಡಿ. ಗೋಳಿಯ ಸಸಿ ಒಂದೂ ಕಾಣದೇ ಇರಬಹುದು. ಸಳ್ಳೆ, ನೇರಳೆ, ಎಲ್ಲಿಂದಲೋ ಬಂದ ಕಾಳುಮೆಣಸಿನ ಬಳ್ಳಿ ಇರುತ್ತವೆ. ನೆಟ್ಟವರು ಯಾರೂ ಇಲ್ಲ, ಕೊಂಬೆಯಲ್ಲಿ ಕೂತ ಹಕ್ಕಿಗಳು ಬೇರೆ ಮರಗಳಿಂದ ತಂದು ಹಾಕಿದ್ದು.

ಪಿಕಳಾರದ ಬಾಯಿಗೆ ಹಿಡಿಸುವುದು ಸಣ್ಣ ಹಣ್ಣು ಮಾತ್ರ. ರಾಮಪತ್ರೆಯಂಥ ದಪ್ಪ ಬೀಜ ನುಂಗಲು ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯೇ ಬೇಕು, ಇಲ್ಲವೇ ಕಾಡಿನ ದೊಡ್ಡ ಪಾರಿವಾಳ. ಮಂಗಟ್ಟೆ ಬೀಜ ಸುತ್ತಿದ ಕೆಂಪು ಪತ್ರೆಯನ್ನಷ್ಟೇ ಅರಗಿಸಿಕೊಂಡು ಬೀಜವನ್ನು ಗಂಟಲಿಂದಲೇ ಇಡಿಯಾಗಿ ಹೊರಹಾಕುತ್ತದೆ. ಮಂಗಟ್ಟೆ ಇಲ್ಲದ ಕಾಡೂ ಹಸಿರಾಗಿಯೇ ಕಾಣುತ್ತದೆ. ಆದರೆ ಬರಬರುತ್ತಾ ಅಲ್ಲಿ ಸಣ್ಣ ಬೀಜದ ಮರಗಳದ್ದೇ ಕಾರುಬಾರಾಗುವ ಸಂಭವ ಹೆಚ್ಚು.

ಹಳ್ಳಿಯವರಿಗೆ ಇದು ಗೊತ್ತಿಲ್ಲ ಎಂದಲ್ಲ. ಬಾವಲಿ ಚೀಪಿ ಬೀಳಿಸಿದ ಅಡಿಕೆಯನ್ನು ಆರಿಸಿ ತರುವ ಮನೆಗಳು ಈಗಲೂ ಇವೆ. ಒಂದು ಮನೆಯ ಅಜ್ಜಿ ತೋಟದ ಅಂಚಿನ ಬಂಡೆಯ ಬಳಿ ನನ್ನನ್ನು ಕರೆದೊಯ್ದರು. ಬಂಡೆಯ ಮೇಲೆ ಕಬ್ಬೆಕ್ಕಿನ ಹಿಕ್ಕೆ, ಅದರ ತುಂಬ ತೊಳೆದಿಟ್ಟಂಥ ಬೈನೆ ಮರದ ಬೀಜ. ಬೈನೆ ಹಣ್ಣು ಮುಟ್ಟಿದರೆ ನಮ್ಮ ಕೈ ತುರಿಸುತ್ತದೆ, ಕಬ್ಬೆಕ್ಕಿಗೆ ಏನೂ ಆಗದು. ಬಂಡೆಯ ಕೆಳಗೆ ಬೈನೆ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು. 'ಇದು ಕಬ್ಬೆಕ್ಕಿನ ನರ್ಸರಿ ತಮ್ಮಾ, ನಾ ಕತ್ತಿ ಹಾಕ್ಸೂದಿಲ್ಲ' ಎಂದರು. ಅದೇ ಮನೆಯ ಯಜಮಾನರು ಹಿಂದಿನ ವರ್ಷ ಬೆಟ್ಟದ ಪೊದೆ-ಸಸಿಗಳ ಹಳುವನ್ನೆಲ್ಲ ಸವರಿಸಿ 'ಚೊಕ್ಕ' ಮಾಡಿ, ಈಗ ಸಸಿ ಎಲ್ಲಿ ಸಿಗುತ್ತದೆಂದು ನನ್ನನ್ನು ಕರೆಸಿದ್ದರು!

ಈಗ ಶಾಲೆಗಳವರಿಗೆ. ಮಕ್ಕಳಿಗೆ ಏನಾದರೂ ಕೆಲಸ ಕೊಡಲೇಬೇಕಲ್ಲ? ಉಂಡೆ ಕಟ್ಟಿಸಬೇಡಿ. ಬೆಟ್ಟದ ಒಂಟಿಮರಗಳನ್ನು ಗುರುತಿಸಿ, ಅವುಗಳ ಅಡಿಯ ಪ್ರತಿ ಸಸಿಯ ಪಕ್ಕ ಒಂದೊಂದು ಕೋಲು ಊರಿಸಿ. ಸೊಪ್ಪು ಕಡಿಯುವವರಿಗೆ, ಹುಲ್ಲು ಕೊಯ್ಯುವವರಿಗೆ ಕೋಲು ಇದ್ದಲ್ಲಿ ಕತ್ತಿ ಬೀಸಬೇಡಿ ಎಂದು ತಿಳಿಸಿ. ಮರವೇ ಇಲ್ಲದ ಬೇಣವಾದರೆ ಹಕ್ಕಿ ಬಂದು ಕೂರಲೆಂದು ಗೋಳಿಯ ಅಥವಾ ಅತ್ತಿಯ ಆಳೆತ್ತರದ ಸಸಿಗಳನ್ನು ದೂರದೂರಕ್ಕೆ ನೆಟ್ಟು ಬೇಲಿ ಕಟ್ಟಿ. ನೇರಳೆ, ಹಲಸು ಬಿತ್ತುವ ಆಸೆಯಿದ್ದರೆ ಹಣ್ಣು ತಿಂದ ವಾರದೊಳಗೆ ಬೀಜ ತೊಳೆದು, ನೆರಳಿರುವ ಕಡೆ ತರಗೆಲೆ ಸರಿಸಿ ಊರಿ. ಜನವರಿಯ ಹೊತ್ತಿಗೆ ಸಸಿಗಳ ಸುತ್ತ ಬೆಂಕಿರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ, ಕಡಿದಿರಬೇಕು. ಅದಕ್ಕೆ ಮಕ್ಕಳನ್ನು ಕಳಿಸಬೇಡಿ, ದೊಡ್ಡವರೇ ಹೋಗಿ.