ಕೋಲಾರದ ಒಣ ಮಣ್ಣಿನಲ್ಲಿ ಅರ್ಥಿಂಗ್

ಹೋದ ಬೇಸಿಗೆಯಲ್ಲಿ ಶ್ರೀನಿವಾಸಪುರದ ಹತ್ತಿರ ನಮ್ಮ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಬಚ್ಚಲಲ್ಲಿ ನಲ್ಲಿ ಮುಟ್ಟಿದರೆ ಕೈ ಜುಮ್ ಅಂತಿತ್ತು. ಕರೆಂಟ್ ಕೆಲಸದವರು ಬಂದರು. 100 ವ್ಯಾಟಿನ ಬಲ್ಬು ತಗೊಂಡು ಒಂದು ವೈರನ್ನು ಫೇಸಿಗೆ (ಕರೆಂಟ್ ಬರುವ ವೈರು), ಇನ್ನೊಂದನ್ನು ಅರ್ಥಿಗೆ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವೈರು) ಕೊಟ್ಟರು. ಬಲ್ಬು ಉರಿಯಿತು. "ಅರ್ಥಿಂಗ್ ಚೆನ್ನಾಗೈತೆ, ಏನೂ ಭಯ ಇಲ್ಲ" ಅಂದರು.

ನಮ್ಮ ಜಿಲ್ಲೆಯಲ್ಲಿ ಆ ಬಲ್ಬನ್ನು ನಂಬುವ ಹಾಗಿಲ್ಲ.

ಕೋಲಾರಕ್ಕೆ ಕರೆಂಟ್ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ಜಲವಿದ್ಯುತ್ ಕೆಲಸ ಮುಗಿದು, 1902ರ ಜೂನ್ ಕೊನೆಗೆ ಕೆಜಿಎಫ್ ಚಿನ್ನದ ಗಣಿಗಳಿಗೆ ಕರೆಂಟ್ ಬಂತು. ಸುಮಾರು 147 ಕಿಲೋಮೀಟರ್ ಲೈನು, 35,000 ವೋಲ್ಟ್. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ಉದ್ದದ ಲೈನು ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಗಣಿಯಲ್ಲಿ ನೋಡಿಕೊಳ್ಳಲು ಇಂಜಿನಿಯರುಗಳಿದ್ದರು. ಹಳ್ಳಿಗಳಿಗೆ ಕರೆಂಟ್ ಬಂದದ್ದು ಎಷ್ಟೋ ಆಮೇಲೆ.

ಅಷ್ಟೊತ್ತಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂದಿತ್ತು. 1910ರ ವಿದ್ಯುತ್ ಕಾಯ್ದೆಯ ಕೆಳಗೆ ಮಾಡಿದ 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸ್. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಕರೆಂಟ್ ವಾಪಸ್ ಬರುವ ನ್ಯೂಟ್ರಲ್‌ಗೆ ಎರಡು ಬೇರೆ ಬೇರೆ ಅರ್ಥಿಂಗ್ ಇರಬೇಕು ಅಂತ ಅದರ 61ನೇ ನಿಯಮ ಹೇಳುತ್ತಿತ್ತು. ಕರೆಂಟ್ ಕೊಡುವವರೇ ಮನೆಯ ಹತ್ತಿರ ಒಂದು ಅರ್ಥ್ ಟರ್ಮಿನಲ್ ಕೊಟ್ಟು ನೋಡಿಕೊಳ್ಳಬೇಕು ಅಂತ 33ನೇ ನಿಯಮದಲ್ಲಿತ್ತು. ಆ ಟರ್ಮಿನಲ್ ನಾನು ನೋಡಿದ ಯಾವ ಹಳ್ಳಿ ಮನೆಗೂ ಬಂದಿಲ್ಲ. ಎಲ್ಲರೂ ತಮ್ಮ ತಮ್ಮ ಅರ್ಥಿಂಗ್ ಗುಂಡಿ ತಾವೇ ತೋಡಿಸಿಕೊಂಡರು.

ಗುಂಡಿ ಹೇಗಿರಬೇಕು ಅನ್ನುವುದಕ್ಕೆ ಐಎಸ್ 3043 ಅಂತ ಒಂದು ಭಾರತೀಯ ಮಾನಕ ಕೋಡ್ ಇದೆ. ಮೊದಲು ಬಂದದ್ದು 1966ರಲ್ಲಿ, ತಿದ್ದಿದ್ದು 1987 ಮತ್ತು 2018ರಲ್ಲಿ. ಎರಡೂವರೆ ಮೀಟರ್ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು, ಮೇಲೆ ನೀರು ಹುಯ್ಯಲು ಬಾಯಿ. ಆ ಬಾಯಿಯೇ ಮುಖ್ಯ. ಕರೆಂಟನ್ನು ಒಯ್ಯುವುದು ಮಣ್ಣಲ್ಲ, ಮಣ್ಣಿನೊಳಗಿನ ತೇವ.

ಕೋಲಾರದಲ್ಲಿ ಆ ತೇವ ಎಲ್ಲಿಂದ ತರೋದು? ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿವೆ. ಮೇಲೆ ಗರಸು ಬೆರೆತ ಕೆಂಪು ಮಣ್ಣು, ಕೆಳಗೆ ಬಂಡೆ. ದೊಡ್ಡಪ್ಪನ ಮನೆಯ ಗುಂಡಿಯ ಬಾಯಿಗೆ ಅಂಗಳ ಮಾಡಿಸುವಾಗ ಸಿಮೆಂಟ್ ಬಿದ್ದಿತ್ತು. ಹತ್ತು ವರ್ಷದಿಂದ ಒಂದು ಚೊಂಬು ನೀರು ಕಂಡಿರಲಿಲ್ಲ.

ಅರ್ಥ್ ಟೆಸ್ಟರ್ ತರಿಸಿ ಅಳೆಸಿದೆವು. 50 ಓಮ್ ತೋರಿಸಿತು (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ, ಇಲ್ಲಿ ಕಡಿಮೆ ಇದ್ದಷ್ಟೂ ಒಳ್ಳೇದು). ಈಗ ಲೆಕ್ಕ ನೋಡಿ. ಫೇಸ್ ವೈರು ಪೂರ್ತಿ ಗೀಸರಿನ ಬಾಡಿಗೆ ತಗುಲಿತು ಅಂತ ಇಟ್ಟುಕೊಳ್ಳಿ. 230 ವೋಲ್ಟನ್ನು 50ರಿಂದ ಭಾಗಿಸಿದರೆ ಭೂಮಿಗೆ ಹೋಗುವುದು 4.6 ಆಂಪ್. ಗೀಸರಿನ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್) 16 ಆಂಪಿನದು. ಅದು ಬೀಳುವುದೇ ಇಲ್ಲ. ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಗುಂಡಿಯನ್ನು 10 ಓಮಿಗೆ ತಂದರೂ 23 ಆಂಪ್ ಅಷ್ಟೇ, ಆಗಲೂ ತಕ್ಷಣ ಬೀಳುವ ಗ್ಯಾರಂಟಿ ಇಲ್ಲ. ಆದರೆ 100 ವ್ಯಾಟಿನ ಬಲ್ಬಿಗೆ ಬೇಕಾದ್ದು ಅರ್ಧ ಆಂಪಿಗೂ ಕಡಿಮೆ. 50 ಓಮಿನ ಗುಂಡಿಯಲ್ಲೂ ಅದು ಹೆಚ್ಚುಕಮ್ಮಿ ಪೂರ್ತಿ ಉರಿಯುತ್ತದೆ. ಅದನ್ನು ನೋಡಿ ಜನ ನೆಮ್ಮದಿಯಾಗಿ ಸ್ನಾನಕ್ಕೆ ಹೋಗುತ್ತಾರೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗೋದು ಇಲ್ಲೇ.

ಹೊಲದ ಪಂಪ್‌ಹೌಸುಗಳಲ್ಲಿ ಇನ್ನೂ ಜಾಸ್ತಿ ಅಪಾಯ. ಒಂದು ಫೇಸ್ ತಗೊಂಡು, ನ್ಯೂಟ್ರಲ್ ಬದಲು ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗೆ ವೈರು ಸುತ್ತಿ ಬಲ್ಬು ಉರಿಸುತ್ತಾರೆ. ವೈರು ಸಡಿಲವಾದಾಗ ಅದನ್ನು ಬರಿಗೈಲಿ ಮುಟ್ಟಿದರೆ ಕರೆಂಟ್ ಮೈ ಮೇಲೇ ದಾರಿ ಮಾಡಿಕೊಳ್ಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಬರೀ ಗುಂಡಿಯಿಂದ ಜೀವ ಉಳಿಯಲ್ಲ ಅನ್ನುವುದು ನಿಯಮ ಬರೆಯುವವರಿಗೂ ಗೊತ್ತಾಯಿತು. 1956ರ ನಿಯಮಕ್ಕೆ ಆಮೇಲೆ 61-ಎ ಅಂತ ಸೇರಿಸಿ, ಒಂದು ಮಿತಿ ದಾಟಿದ ಲೋಡ್ ಇರುವ ಕಡೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸಾಧನ ಬೇಕು ಅಂದರು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮ ತಂದಾಗಲೂ ಅದು ಉಳಿಯಿತು, 2023ರಲ್ಲಿ ಮತ್ತೆ ಬರೆದಾಗಲೂ ಉಳಿಯಿತು. ಈ ಸಾಧನಕ್ಕೇ ನಮ್ಮ ಕಡೆ ಇಎಲ್‌ಸಿಬಿ ಅಂತಾರಲ್ಲ, ಈಗ ಅಂಗಡಿಯಲ್ಲಿ ಸಿಗುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪ್ ಕಡಿಮೆಯಾದರೆ 0.3 ಸೆಕೆಂಡಿನೊಳಗೆ ಬೀಳುತ್ತದೆ. 50 ಓಮ್ ಇರಲಿ, 1000 ಓಮ್ ಇರಲಿ, ಅದಕ್ಕೆ ಸಾಕು. ಹಾಗಂತ ಗುಂಡಿ ಬೇಡ ಅಂತಲ್ಲ. ಸೋರಿದ ಕರೆಂಟ್ ಮನುಷ್ಯ ಮುಟ್ಟುವ ಮೊದಲೇ ಭೂಮಿಗೆ ಹೋಗಲು ಆ ದಾರಿ ಇರಲೇಬೇಕು.

ದೊಡ್ಡಪ್ಪನ ಮನೆಗೆ ಒಂದು ಆರ್‌ಸಿಸಿಬಿ ಹಾಕಿಸಿದೆವು. ಸಿಮೆಂಟ್ ಒಡೆದು ಗುಂಡಿಗೆ ಎರಡು ಬಿಂದಿಗೆ ನೀರೂ ಹುಯ್ದೆವು. ಮಾರನೇ ಬೆಳಗ್ಗೆ ಮೂರು ಸಲ ಟ್ರಿಪ್ ಆಯಿತು. "ಸುಮ್ನೆ ಬೀಳ್ತೈತೆ, ಡೈರೆಕ್ಟ್ ಮಾಡಿಬಿಡ್ಲಾ?" ಅಂತ ಕೇಳಿದರು ಕೆಲಸದವರು, ಅಂದರೆ ಆರ್‌ಸಿಸಿಬಿ ಬಿಟ್ಟು ನೇರ ಲೈನ್ ಕೊಡೋದು. ಬೇಡ ಅಂತ ಒಂದೊಂದೇ ಸ್ವಿಚ್ ಹಾಕಿ ನೋಡಿದೆವು. ಗೀಸರ್ ಹಾಕಿದಾಗಲೇ ಬೀಳುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಕಾಯಿಲ್ ಮೇಲೆ ಉದ್ದಕ್ಕೂ ಸೀಳು ಬಿಟ್ಟಿತ್ತು.